ಬಾಡಿಗೆ ರಶೀದಿ ಕೇಳಿದ ಅಳಿಯ

‘ಕೊನೆಯ ದಿನದವರೆಗೆ ಕಾಯಬೇಡಿ’ ಎಂದು ಆದಾಯ ತೆರಿಗೆಯವರ ಮೆಸೇಜು ಊರಿಗೆಲ್ಲ ಬರುತ್ತದೆ. ನನಗೆ ಬಂದ ದಿನ ಮಾತ್ರ, ಬಿಪಿ ಮಾತ್ರೆ ನುಂಗಿದ್ದೇನೋ ಇಲ್ಲವೋ ಎಂದು ಹೆಂಡತಿಯನ್ನು ಎರಡೆರಡು ಸಲ ಕೇಳುತ್ತೇನೆ. ಇಂಥವನು ರೀಫಂಡಿಗೆ ಆಸೆಪಡಬಾರದಿತ್ತು.

ಆಸೆ ಹುಟ್ಟಿಸಿದವರು ನಮ್ಮ ಶಾಲೆಯ ಗಣಿತದ ಮಾಷ್ಟ್ರು, ಸುಳ್ಯದ ಕಡೆಯವರು. ಸ್ಟಾಫ್ ರೂಮಿನಲ್ಲಿ ಎಲ್ಲರ ರಿಟರ್ನ್ಸ್ ತುಂಬಿಸಿ ಕೊಡುವವರು ಅವರೇ. ತಾಯಿಗೆ ಬಾಡಿಗೆ ಕೊಡುತ್ತೇನೆಂದು ತೋರಿಸಿ, ಬಂದ ರೀಫಂಡಿನಲ್ಲಿ ವಾಷಿಂಗ್ ಮೆಷಿನ್ ತೆಗೆದವರು. ನನ್ನ ಫಾರ್ಮ್ ನೋಡಿ ನಕ್ಕರು.

“ನಿಮ್ಮದೆಂತ ಮಾರಾಯ್ರೆ, ಎಲ್ಲ ಖಾಲಿ ಉಂಟಲ್ಲ? ಬಾಡಿಗೆ ತೋರಿಸುದಿಲ್ವಾ?”

“ಮಾವನ ಮನೆ. ಬಾಡಿಗೆ ಇಲ್ಲ.”

“ಕೊಟ್ಟದ್ದು ಅಂತ ಬರೀರಿ. ಮಾವ ಎಂತ ಕೋರ್ಟಿಗೆ ಹೋಗ್ತಾರಾ?”

ಸುಳ್ಳು ಬರೆಯುವ ಧೈರ್ಯ ನಮ್ಮ ವಂಶದಲ್ಲೇ ಇಲ್ಲ. ಆದರೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಒಂದು ಉಪಾಯ ಹೊಳೆಯಿತು. ನಿಜವಾಗಿಯೇ ಬಾಡಿಗೆ ಕೊಟ್ಟರಾಯಿತಲ್ಲ! ಹಣ ಹೋಗುವುದು ಮನೆಯವರಿಗೇ, ತೆರಿಗೆಯೂ ಉಳಿಯುತ್ತದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮಾವನವರದ್ದು ಕೋಡಿಂಬಾಳದಲ್ಲಿ ತೋಟ. ಪುತ್ತೂರಿನಲ್ಲಿ ಮನೆ ಕಟ್ಟಿಸಿ, ಮದುವೆಯಾದಂದಿನಿಂದ ನಮ್ಮನ್ನು ಅದರಲ್ಲಿ ಇರಿಸಿದ್ದರು. ಸೋಮವಾರದ ಸಂತೆಗೆ ಪುತ್ತೂರಿಗೆ ಬಂದರೆ ಊಟ ನಮ್ಮಲ್ಲೇ. ಏಪ್ರಿಲಿನಲ್ಲಿ ನಾನು ಬಾಡಿಗೆಯ ಮಾತೆತ್ತಿದಾಗ “ಛೆ ಛೆ, ಅಳಿಯಂದಿರ ಹತ್ರ ಬಾಡಿಗೆಯಾ?” ಅಂದರು, ಅನ್ನುತ್ತಲೇ ಕೈ ಚಾಚಿದರು. ಬ್ಯಾಂಕಿಗೆ ಹಾಕುತ್ತೇನೆಂದರೆ ಒಪ್ಪಲಿಲ್ಲ. “ಕೈಯಲ್ಲೇ ಕೊಡಿ. ಮನೆಯೊಳಗಿನ ವಿಷಯ ಬ್ಯಾಂಕಿನವರಿಗೆ ಯಾಕೆ?”

ಜನವರಿಯಲ್ಲಿ ಶಾಲೆಯ ಗುಮಾಸ್ತರು ದಾಖಲೆ ಕೇಳಿದರು. ರಶೀದಿಗಳನ್ನು ನಾನೇ ಚಂದದ ಅಕ್ಷರದಲ್ಲಿ ಬರೆದು, ರೆವೆನ್ಯೂ ಸ್ಟಾಂಪು ಅಂಟಿಸಿ, ಸೋಮವಾರದ ಊಟವಾದ ಮೇಲೆ ಮಾವನ ಮುಂದಿಟ್ಟೆ.

“ಇದು ಎಂತ?”

“ಬಾಡಿಗೆ ರಶೀದಿ ಮಾವ. ಒಂದೊಂದು ಸೈನು. ನಿಮ್ಮ ಪಾನ್ ಕಾರ್ಡಿನ ಜೆರಾಕ್ಸೂ ಬೇಕಿತ್ತು.”

ಮಾವ ಕಾಗದ ಮುಟ್ಟಲಿಲ್ಲ. ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು.

ಅವರ ಮನೆಯ ಕತೆ ನನಗೆ ಗೊತ್ತಿಲ್ಲದ್ದಲ್ಲ. ಅವರ ತಂದೆ ಗದ್ದೆಯ ಒಕ್ಕಲಿನವನಿಗೆ, ಪಾಪ ಕೇಳಿದ ಎಂದು, ಗೇಣಿ ಸಂದದ್ದಕ್ಕೆ ರಶೀದಿ ಬರೆದುಕೊಟ್ಟಿದ್ದರು. ಭೂಸುಧಾರಣೆ ಬಂದಾಗ ಅವನು ಅದನ್ನೇ ಹಿಡಿದುಕೊಂಡು ನ್ಯಾಯಮಂಡಳಿಯ ಮುಂದೆ ನಿಂತ. ಗದ್ದೆ ಅವನದಾಯಿತು. ಆಮೇಲೆ ಆ ಮನೆಯಲ್ಲಿ ಯಾರೂ ಯಾರಿಗೂ ರಶೀದಿ ಬರೆದದ್ದಿಲ್ಲ. ನಾನೋ ಹತ್ತನೆಯ ತರಗತಿಗೆ ಸಮಾಜ ಪಾಠ ಮಾಡುವವನು. ‘ಉಳುವವನೇ ಹೊಲದೊಡೆಯ’ ಎಂದು ಪ್ರತಿವರ್ಷ ಬೋರ್ಡಿನಲ್ಲಿ ದೊಡ್ಡದಾಗಿ ಬರೆದು, ಒಂದು ಹೆಜ್ಜೆ ಹಿಂದೆ ನಿಂತು ನೋಡುವವನು. ಹೆದರಿಕೆ ಹೋಗಲಿ ಎಂದು ಮಾವನಿಗೂ ಪಾಠ ಮಾಡಿದೆ.

“ಆ ಕಾನೂನು ಕೃಷಿ ಭೂಮಿಗೆ ಮಾತ್ರ ಮಾವ. ವಾಸದ ಮನೆಗೆ ಇಲ್ಲ. ಅರ್ಜಿ ಹಾಕುವ ಅವಧಿಯೂ ಯಾವಾಗಲೋ ಮುಗಿದಿದೆ.”

“ಎಲ್ಲ ಓದಿಕೊಂಡೇ ಬಂದಿದ್ದೀರಿ,” ಅಂದರು ಮಾವ.

ನನ್ನನ್ನು ಉಳಿಸಲೆಂದು ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. “ಅಪ್ಪಾ, ಮನೆ ನುಂಗುವಷ್ಟು ಧೈರ್ಯ ಇವರಿಗೆ ಎಲ್ಲಿ ಉಂಟು? ಗ್ಯಾಸಿನ ಸಿಲಿಂಡರ್ ಬದಲಿಸ್ಲಿಕ್ಕೂ ನಾನೇ ಆಗ್ಬೇಕು.”

“ಆ ಒಕ್ಕಲಿನವನಿಗೂ ಧೈರ್ಯ ಇರ್ಲಿಲ್ಲ ಮಗಳೇ. ನಮ್ಮ ಜಗಲಿ ಸಹ ಹತ್ತುತ್ತಿರ್ಲಿಲ್ಲ.” ಮತ್ತೆ ನನ್ನ ಕಡೆ ತಿರುಗಿದರು. “ಶಾಲೆಗೆ ರಜೆ ಸಿಕ್ಕಿದ ಕೂಡ್ಲೆ ಮನೆ ಖಾಲಿ ಮಾಡಿ, ಮಾಷ್ಟ್ರೇ.”

ಊಟಕ್ಕೆ ಕೂರುವಾಗ ನಾನು ‘ಅಳಿಯಂದಿರು’ ಆಗಿದ್ದೆ.

ಮುಂದಿನ ಸೋಮವಾರ ಅವರು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಪುತ್ತೂರಿನಲ್ಲಿ ಬೇರೆ ಮನೆ ಹಿಡಿಯಬೇಕಾದರೆ ಅಡ್ವಾನ್ಸಿಗೆ ನನ್ನ ಹತ್ತು ವರ್ಷದ ರೀಫಂಡೂ ಸಾಲದು. ರಾತ್ರಿಯೆಲ್ಲ ಹೊರಳಾಡುವ ನನ್ನನ್ನು ನೋಡಿ ಹೆಂಡತಿಗೆ ಸಾಕಾಯಿತು. “ಹೋಗಿ ಕಾಲು ಹಿಡೀರಿ. ನಿಮಗೆ ಅದು ಕಷ್ಟ ಇಲ್ಲ.”

ಕೋಡಿಂಬಾಳದಲ್ಲಿ ಮಾವ ಜಗಲಿಯಲ್ಲೇ ಕೂತಿದ್ದರು. ಅಂಗಳದಲ್ಲಿ ನಿಂತವನಿಗೆ ‘ಹತ್ತಿ ಬನ್ನಿ’ ಎನ್ನಲಿಲ್ಲ. ಬಿಸಿಲಿನಲ್ಲಿ ನಿಂತೇ ರಶೀದಿಗಳನ್ನು ಒಂದೊಂದಾಗಿ ಹರಿದೆ.

“ಜೆರಾಕ್ಸ್ ಮಾಡಿಸಿದ್ದೀರಾ?”

“ದೇವರಾಣೆ ಇಲ್ಲ ಮಾವ.”

“ತುಂಡುಗಳನ್ನು ಇಲ್ಲೇ ಬಿಡಿ. ಕೊಂಡುಹೋಗಿ ಅಂಟಿಸುದು ಬೇಡ.”

ಆಮೇಲೆ ಒಳಗಿನಿಂದ ಒಂದು ಛಾಪಾ ಕಾಗದ ತಂದರು. ಕಡಬದಲ್ಲಿ ಟೈಪ್ ಮಾಡಿಸಿ ತಯಾರಾಗಿಯೇ ಇತ್ತು, ನಾನು ಬರುವವನೆಂದು ಅವರಿಗೆ ಅಷ್ಟು ನಂಬಿಕೆ. ಪುತ್ತೂರಿನ ಮನೆಯಲ್ಲಿ ನಾನು ಮಾವನ ದಯೆಯಿಂದ ಇದ್ದೇನೆ, ನನಗೆ ಯಾವ ಹಕ್ಕೂ ಇಲ್ಲ, ಬಾಡಿಗೆಯೆಂದು ಇಂದಿನವರೆಗೆ ಒಂದು ಪೈಸೆಯನ್ನೂ ಕೊಟ್ಟಿಲ್ಲ ಎಂದು ಅದರಲ್ಲಿತ್ತು. ಸೈನ್ ಮಾಡಿದರೆ ಮನೆಯಲ್ಲೇ ಇರಬಹುದು. ಸುಳ್ಳು ಬರೆಯಲು ಅಂಜಿ ತಿಂಗಳು ತಿಂಗಳು ಬಾಡಿಗೆ ಕೊಟ್ಟವನು ಜಗಲಿಯ ಅಂಚಿನ ಮೇಲೆ ಕಾಗದ ಇಟ್ಟು ಸೈನ್ ಹಾಕಿದೆ.

“ನನಗೊಂದು ಪ್ರತಿ ಸಿಗಬಹುದಾ ಮಾವ?”

“ನಿಮಗೆ ಯಾಕೆ ಕಾಗದ?”

ಶಾಲೆಯಲ್ಲಿ ಗಣಿತದ ಮಾಷ್ಟ್ರು ಗುಮಾಸ್ತರಿಗೆ ಕೊಡುವ ನನ್ನ ಫಾರ್ಮಿನ ಬಾಡಿಗೆ ಕಾಲಮ್ಮಿಗೆ ಸೊನ್ನೆ ಹಾಕುತ್ತಾ, “ಸರಕಾರ ನಡಿಯುದೇ ನಿಮ್ಮಂಥವರಿಂದ,” ಅಂದರು. ಸ್ಟಾಫ್ ರೂಮೆಲ್ಲ ನಕ್ಕಿತು. ನಾನೂ ನಕ್ಕೆ.

ಫೆಬ್ರವರಿಯ ಮೊದಲ ಸೋಮವಾರ ಮಾವ ಊಟಕ್ಕೆ ಬಂದರು. ಸಾರು ಚೆನ್ನಾಗಿದೆ ಎಂದು ಮಗಳನ್ನು ಹೊಗಳಿದರು. ಕೈ ತೊಳೆದು, ಬೈರಾಸಿನಲ್ಲಿ ಒರೆಸಿ, ಒಣಗಿದ ಆ ಕೈಯನ್ನು ನನ್ನ ಮುಂದೆ ಚಾಚಿದರು.

“ಬಾಡಿಗೆ ಕೊಟ್ಟದ್ದೇ ಇಲ್ಲ ಅಂತ ಬರೆದುಕೊಟ್ಟಿದ್ದೇನಲ್ಲ ಮಾವ?”

“ಹೌದು. ಇನ್ನು ತೆಗೊಳ್ಳಲಿಕ್ಕೆ ಹೆದರಿಕೆ ಇಲ್ಲ, ಮಾಷ್ಟ್ರೇ.”

ನಾನು ಪರ್ಸು ಹುಡುಕುವಷ್ಟರಲ್ಲಿ ಹೆಂಡತಿ ಒಳಗಿನಿಂದ ಹಣ ತಂದು ಅವರ ಕೈಯಲ್ಲಿಟ್ಟಳು. ಬೆಳಗ್ಗೆಯೇ ತೆಗೆದಿರಿಸಿದ್ದಳು.