ಕುಂಕುಮ ಮೆತ್ತಿದ ಗಾಲ್ಫ್ ಕೋಲು

ಚೀಲದ ಜಿಪ್ ಎಳೆದ ಅಂಗಡಿಯವರ ಕೈ ಅಲ್ಲೇ ನಿಂತಿತು. ನಾನು ವಾಪಸ್ ತಂದಿದ್ದ ಗಾಲ್ಫ್ ಐರನ್‌ಗಳ, ಅಂದರೆ ಕಬ್ಬಿಣದ ತಲೆಯ ಕೋಲುಗಳ, ಮುಖಕ್ಕೆಲ್ಲ ಅರಿಶಿನ, ಕುಂಕುಮ!

ತೊಂಬತ್ತರ ದಶಕದ ಮಾತು. ದೊಡ್ಡಬಳ್ಳಾಪುರದ ನಮ್ಮ ಕಾರ್ಖಾನೆಯ ಮ್ಯಾನೇಜರ್ ಭಾನುವಾರದ ಆಟಕ್ಕೆ ಕರೆದರೆಂದು, ಅಂದಕ್ಕೆ ಮರುಳಾಗಿ ತೆಳು ತಲೆಯ ಸೆಟ್ ಕೊಂಡಿದ್ದೆ. ಅದು ಪಳಗಿದವರಿಗೆ, ಹೊಸಬರಿಗೆ ಅಗಲ ತಳದ್ದೇ ಸರಿ, ಏಟು ತುಸು ತಪ್ಪಿದರೂ ಚೆಂಡು ಮೇಲೇಳುತ್ತದೆ ಎಂದು ಮ್ಯಾನೇಜರ್ ಆಮೇಲೆ ಹೇಳಿದರು. ಚೆಂಡಿಗೆ ತಾಗಿಸಿರದಿದ್ದರೆ ಮಾತ್ರ ಬದಲಿಸಿಕೊಡುವುದಾಗಿ ಅಂಗಡಿಯವರ ಕರಾರು. ನಾನು ತಾಗಿಸಿರಲಿಲ್ಲ. ಆದರೆ ಅಮ್ಮ ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿಗಳ ಸಾಲಿನಲ್ಲಿ ಇವನ್ನೂ ಇಟ್ಟು ಪೂಜಿಸಿ, ನನಗೆ ಹೇಳದೆ ಚೀಲಕ್ಕೆ ಸೇರಿಸಿಬಿಟ್ಟಿದ್ದಳು.

"ನಮ್ಮಮ್ಮ ಪೂಜೆ ಮಾಡ್ಬಿಟ್ಟಿದ್ದಾರೆ ಸಾರ್," ಎಂದೆ ತೊದಲುತ್ತ.

ಅವರು ಒಂದು ಕೋಲನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಒಂದೇ ಒಂದು ಏಟು ಹೊಡೆದಿದ್ರೂ ಈ ಕುಂಕುಮ ಹಿಂಗಿರ್ತಿತ್ತಾ? ಬೇರೆ ಸೆಟ್ ತಗೊಂಡ್ಹೋಗಿ ಸಾರ್."

ಅಗಲ ತಳದ ಸೆಟ್ ಹೊತ್ತು ಹಗುರಾಗಿ ಬಸ್ಸು ಹತ್ತಿದೆ. ಮನೆಯಲ್ಲಿ ಅಮ್ಮ ಮತ್ತೆ ಕುಂಕುಮದ ಭರಣಿ ಹಿಡಿದು ಬಂದಳು. ಈ ಸಲ ಚೀಲದ ಜಿಪ್ಪನ್ನು ನಾನೇ ತೆಗೆದು ಕೊಟ್ಟೆ.