ರೇಡಿಯೋದ ಹುಡುಗಿಗೊಂದು ರೊಟ್ಟಿ

ನನ್ನತ್ತೆ ಅಸಿಲ್ಕಾನ್‌ಗೆ ಬುದ್ಧಿ ಹೇಳಿ ಗೆದ್ದವರು ನಮ್ಮ ಅಲೈ ಕಣಿವೆಯಲ್ಲೇ ಇಲ್ಲ. ಕುರಿಯ ಗುಳ್ಳೆಯೆದ್ದ ಲಿವರ್ ನಾಯಿಗೆ ಹಾಕಬೇಡಿ, ನಾಯಿಯಿಂದ ಮಕ್ಕಳಿಗೆ ರೋಗ ಬರುತ್ತದೆ ಎಂಬ ಚಿತ್ರಪಟ ಆರೋಗ್ಯ ಕೇಂದ್ರದ ಗೋಡೆಯಲ್ಲಿ ವರ್ಷಗಟ್ಟಲೆ ನೇತಾಡಿತು. ಅತ್ತೆ ಅದರ ಕೆಳಗೇ ಕೂತು ಹರಟೆ ಹೊಡೆದು ಬರುತ್ತಿದ್ದರು. ಕುರಿ ಕೊಯ್ದ ದಿನ ಮಾತ್ರ, "ಇದನ್ನ ನೆಂಟರಿಗೆ ಬಡಿಸೋಕಾಗುತ್ತಾ? ಅಕ್ತೊಶನ ಪಾಲು" ಎಂದು ನಾಯಿಗೆ ಎಸೆಯುತ್ತಿದ್ದರು. ನನ್ನ ಮಗಳು ಬೇಗಾಯಿಮ್ ಆ ನಾಯಿಯನ್ನೇ ತಬ್ಬಿಕೊಂಡು ಬೆಳೆದಳು.

ಆಮೇಲೆ ಸಂಜೆ ಹಾಲು ಕರೆಯುವ ಹೊತ್ತಿಗೆ ರೇಡಿಯೋದಲ್ಲಿ ಇದೇ ರೋಗದ ನಾಟಕ ಶುರುವಾಯಿತು. ಅದರೊಳಗಿನ ಅಜ್ಜಿ ಕಾಲಿಪಾ ಲಿವರ್ ಎಸೆದು ನಾಯಿಗೆ "ತಗೋ ನಿನ್ನ ಪಾಲು" ಅಂದದ್ದೇ ತಡ, ಅತ್ತೆ ಬಕೆಟ್ ಕುಕ್ಕಿದರು.

"ನಮ್ಮನೆ ಸುದ್ದಿ ರೇಡಿಯೋದವರ ಕಿವಿಗೆ ಯಾರೇ ಊದಿದ್ದು? ನೀನೇ ತಾನೆ?"

"ನಂಗೆ ಸಗಣಿ ಬಾಚೋಕೇ ಪುರುಸೊತ್ತಿಲ್ಲ ಅತ್ತೆ!"

ಬೈದರೂ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ನಾಟಕದಲ್ಲಿ ಕಾಲಿಪಾಳ ಮೊಮ್ಮಗಳು ಉಲ್ಜಾನ್‌ಗೆ ಹೊಟ್ಟೆನೋವು ಬಂತು. ಅಜ್ಜಿ ಉಪ್ಪಿನ ಶಾಖ ಕೊಡುತ್ತಾ ಕೂತಳು. "ಆಸ್ಪತ್ರೆಗೆ ಕರ್ಕೊಂಡು ಹೋಗೇ ಮಹರಾಯ್ತಿ!" ಎಂದು ಅತ್ತೆ ರೇಡಿಯೋಗೇ ಕೂಗಿದರು. ಕಾಲಿಪಾ ಹೋಗಲಿಲ್ಲ. ಹುಡುಗಿ ಸತ್ತಳು. ಅತ್ತೆ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮರುದಿನ ಬೇಗಾಯಿಮ್‌ಳನ್ನು ಎತ್ತಿಕೊಂಡು ಹೊರಟೇಬಿಟ್ಟರು.

"ನಾಟಕ ಕೇಳಿ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ ಅಮ್ಮ? ಮಗೂಗೆ ನೋವೇ ಇಲ್ವಲ್ಲ" ಎಂದು ನನ್ನ ಗಂಡ ನಕ್ಕ.

"ನೋವು ಬರ್ಲಿ ಅಂತ ಕಾಯೋಕೆ ನಾನೇನು ಕಾಲಿಪಾನಾ?"

ಓಶ್ ಪಟ್ಟಣದಲ್ಲಿ ಸ್ಕ್ಯಾನ್ ಮಾಡಿದರೆ ಮಗಳ ಲಿವರಿನಲ್ಲಿ ಗುಳ್ಳೆ! "ಇನ್ನೂ ಚಿಕ್ಕದು. ಮಾತ್ರೆಯಲ್ಲೇ ಕರಗಬಹುದು. ಒಳ್ಳೇ ಹೊತ್ತಿಗೆ ತಂದ್ರಿ" ಎಂದರು ಡಾಕ್ಟರಮ್ಮ. ಕರಗಿತು. ಆ ನಾಟಕ ಮಾಡಿದವರ ಹೊಟ್ಟೆ ತಣ್ಣಗಿರಲಿ! ಈಗ ಊರಲ್ಲಿ ಯಾರೇ ಕುರಿ ಕೊಯ್ಯಲಿ, ಗುಳ್ಳೆಯ ಲಿವರ್ ಹೂಳಲು ಅತ್ತೆ ಗುದ್ದಲಿ ಹಿಡಿದು ಹಾಜರು. ಅಕ್ತೊಶ ಅವರನ್ನು ಕಂಡರೆ ಗುರ್ರೆನ್ನುತ್ತದೆ.

ಮಗಳು ಗುಣವಾದಳೆಂದು ತಿಳಿದ ವಾರ, ಶುಕ್ರವಾರ, ಎಂದಿನಂತೆ ತೀರಿಕೊಂಡವರ ಹೆಸರಲ್ಲಿ ರೊಟ್ಟಿ ಕರಿಯಲು ಕೂತೆವು. ಎಣ್ಣೆ ಕಾಯಿತು. ಅತ್ತೆ ಮಾವನ ಹೆಸರು ಹೇಳಿ ಒಂದು ಬಿಟ್ಟರು, ತಮ್ಮ ತಾಯಿಯ ಹೆಸರು ಹೇಳಿ ಇನ್ನೊಂದು. ಆಮೇಲೆ "ಉಲ್ಜಾನ್" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಅವಳು ನಾಟಕದವಳು. ಹುಟ್ಟಿದ್ರೆ ತಾನೆ ಸಾಯೋಕೆ!"

"ಹುಟ್ಟದಿದ್ರೆ ಏನಾಯ್ತೇ? ನಿನ್ನ ಮಗಳ ಬದಲಿಗೆ ಹೋದಳಲ್ಲ."

ಉಲ್ಜಾನ್‌ಳ ಹೆಸರಿಗೆ ನಾನೇ ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡು ಲಟ್ಟಿಸತೊಡಗಿದೆ.