ಅನಸೂಯಾ ಬರೆದ ಡಿಸ್ಕವರಿ

೧೯೯೮ರಲ್ಲಿ ನಾನು ಮೊಳಕಾಲ್ಮೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿಯಾಗಿದ್ದೆ. ಮನೆ ಚಳ್ಳಕೆರೆಯಲ್ಲಿ, ದಿನವೂ ಬಸ್ಸಿನ ಓಡಾಟ. ದ್ವಿತೀಯ ಪಿಯುಸಿ ಕಲಾ ವಿಭಾಗದ ಹೆಚ್ಚಿನ ಮಕ್ಕಳು ರೇಷ್ಮೆ ಸೀರೆ ನೇಯುವವರ ಮನೆಯವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಏನಿದ್ದರೂ ನನ್ನ ಪಿರಿಯಡ್‌ನಲ್ಲಿ ಮಾತ್ರ. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಫೇಲಾದ ಹುಡುಗಿಯರು ಮತ್ತೆ ಕಾಲೇಜಿನ ಕಡೆ ಬರುವುದು ಅಪರೂಪವಾಗಿತ್ತು. ಹಾಗಾಗಿ ಹೇಗಾದರೂ ಮಾಡಿ ಅವರನ್ನು ಪಾಸು ಮಾಡಿಸುವುದೇ ನನ್ನ ಕೆಲಸ ಎಂದುಕೊಂಡಿದ್ದೆ.

ಆ ವರ್ಷ ಪ್ರಿಪರೇಟರಿಗೆ, ಅಂದರೆ ವಾರ್ಷಿಕ ಪರೀಕ್ಷೆಗೆ ಮುಂಚೆ ಕಾಲೇಜಿನಲ್ಲೇ ನಡೆಸುವ ಪರೀಕ್ಷೆಗೆ, ಒಂದು ಹೊಸ ಪ್ರಶ್ನೆ ಹಾಕಿದೆ: ‘ಡಿಸ್ಕವರಿ’ ಎಂಬ ವಿಷಯದ ಮೇಲೆ ನಿಮ್ಮದೇ ಒಂದು ಕಥೆ ಬರೆಯಿರಿ. ಹತ್ತು ಅಂಕ. ಗೈಡಿನಲ್ಲಿ ಸಿಗದ ಉತ್ತರವೊಂದನ್ನು ಮಕ್ಕಳು ಸ್ವಂತವಾಗಿ ಬರೆಯಲಿ ಎಂಬ ಆಸೆ.

ಉತ್ತರಪತ್ರಿಕೆ ತೆಗೆದು ನೋಡಿದರೆ ಪುಟದಿಂದ ಪುಟಕ್ಕೆ ಸೇಬು ಬೀಳುತ್ತಿತ್ತು. ಒಬ್ಬ ಹುಡುಗ ಕೊಲಂಬಸ್‌ನನ್ನು ವಿಮಾನದಲ್ಲಿ ಅಮೆರಿಕಕ್ಕೆ ಕಳಿಸಿದ್ದ. ನಗುತ್ತಲೇ ತಿದ್ದುತ್ತಾ ಹೋದವಳಿಗೆ ಅನಸೂಯಾಳ ಪತ್ರಿಕೆ ಸಿಕ್ಕಿತು. ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ, ಕೇಳಿದರೆ ಮಾತ್ರ ಬಾಯಿ ತೆರೆಯುವ ಹುಡುಗಿ ಅವಳು.

ಅವಳ ಕಥೆ ಒಂದೇ ಪುಟ. ಮಗ್ಗದ ಮೇಲೆ ಕೂತ ಅಪ್ಪ ದಿನವೂ ಚಿಕ್ಕ ಮಗಳಿಗೆ ಬಣ್ಣ ಕಲಿಸುತ್ತಾನೆ. ನೂಲಿನ ಉಂಡೆ ಎತ್ತಿ ಹಿಡಿದು, ಇದು ಯಾವ ಬಣ್ಣ ಎಂದು ಕೇಳುತ್ತಾನೆ. ಆ ಮಗುವಿಗೆ ಬಣ್ಣಗಳೆಲ್ಲ ಎಂದೋ ಬಂದಿವೆ. ಆದರೂ ಅಪ್ಪ ಕೇಳುವುದನ್ನು ಬಿಡುವುದಿಲ್ಲ. ಒಂದು ದಿನ ದೊಡ್ಡ ಮಗಳಿಗೆ ಹೊಳೆಯುತ್ತದೆ: ಅಪ್ಪ ಕಲಿಸುತ್ತಿಲ್ಲ, ಅಪ್ಪನಿಗೆ ಕಾಣುತ್ತಿಲ್ಲ. ಕೊನೆಗೆ ಬಳ್ಳಾರಿಯ ಡಾಕ್ಟರು ಕಣ್ಣು ಸರಿ ಮಾಡಿದರು. ಅಪ್ಪ ಎಲ್ಲ ಬಣ್ಣವನ್ನೂ ತಾನೇ ಹೇಳಿದ.

ವ್ಯಾಕರಣದ ತಪ್ಪುಗಳು ಬೇಕಾದಷ್ಟಿದ್ದವು. ಅದರಲ್ಲೂ ಒಂದು ತಪ್ಪು ನನ್ನನ್ನು ತಡೆದು ನಿಲ್ಲಿಸಿತು. ಕಥೆ ಪೂರ್ತಿ ಭೂತಕಾಲದಲ್ಲಿರಬೇಕೆಂದು ವರ್ಷವೆಲ್ಲ ಹೇಳಿಕೊಟ್ಟಿದ್ದೆ. ಇವಳ ಕಥೆಯಲ್ಲಿ ಡಾಕ್ಟರು ಬರುವ ಕೊನೆ ಮಾತ್ರ ಭೂತಕಾಲದಲ್ಲಿತ್ತು. ಬಣ್ಣ ಕೇಳುವ ಅಪ್ಪ ವರ್ತಮಾನದಲ್ಲಿದ್ದ: ‘ಫಾದರ್ ಈಸ್ ಆಸ್ಕಿಂಗ್ ಡೈಲಿ.’

ಮರುದಿನ ಅವಳನ್ನು ಸ್ಟಾಫ್ ರೂಮಿಗೆ ಕರೆದೆ. “ಇದು ಕಥೇನೋ, ನಿಜಾನೋ?”

“ಕಥೆ ಮೇಡಂ” ಎಂದಳು. ಹಾಗೆಂದವಳು ಅಲ್ಲಿಂದ ಕದಲಲಿಲ್ಲ. ತಲೆ ತಗ್ಗಿಸಿ, “ಕೊನೇದೊಂದು ಕಥೆ. ಉಳಿದಿದ್ದೆಲ್ಲಾ ಐತೆ” ಎಂದಳು.

ಅವಳ ತಂದೆ ಗೋವಿಂದಪ್ಪ ಒಳ್ಳೆಯ ನೇಕಾರರೆಂದು ಹೆಸರಾದವರು. ಕಣ್ಣು ಮಂಜಾಗಿರುವ ಸುದ್ದಿ ಹೊರಗೆ ಗೊತ್ತಾದರೆ ನೂಲು ಕೊಡುವ ಸಾಹುಕಾರರು ಕೆಲಸ ಬೇರೆಯವರಿಗೆ ಕೊಡುತ್ತಾರೆಂಬ ಭಯ ಅವರಿಗೆ. ಹೆಂಡತಿಗೂ ಹೇಳಿರಲಿಲ್ಲ. “ಮನೆಗೆ ಬಂದು ಹೇಳಬ್ಯಾಡ್ರಿ ಮೇಡಂ, ಅಪ್ಪ ಬಾಳ ನೊಂದ್ಕೊಂತಾರೆ” ಎಂದು ಬೇಡಿಕೊಂಡಳು.

“ನಾನು ಹೇಳಲ್ಲ. ಕಥೆ ನಿಂದು, ಅಪ್ಪನ ಮುಂದೆ ನೀನೇ ಓದು” ಎಂದೆ.

ಭಾನುವಾರ ಅವಳ ಮನೆಗೆ ಹೋದೆ. “ರಾಂಡಿ ಮೇಡಂ, ರಾಂಡಿ” ಎಂದು ತೆಲುಗಿನಲ್ಲೇ ಒಳಗೆ ಕರೆದು ಅವಳ ತಾಯಿ ಚಾಪೆ ಹಾಸಿದರು. ನಡುಮನೆಯಲ್ಲೇ ಮಗ್ಗ. ಗೋವಿಂದಪ್ಪ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಮಗಳು ಪರೀಕ್ಷೆಯಲ್ಲಿ ಚೆನ್ನಾದ ಕಥೆ ಬರೆದಿದ್ದಾಳೆ, ನೀವೂ ಕೇಳಬೇಕು ಎಂದೆ. ಅನಸೂಯಾ ಇಂಗ್ಲಿಷಿನ ಹಾಳೆ ನೋಡುತ್ತಾ ತೆಲುಗಿನಲ್ಲಿ ಹೇಳತೊಡಗಿದಳು. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ಮಗು ಬಣ್ಣ ಹೇಳುವ ಭಾಗ ಬಂದಾಗ ನಿಧಾನವಾಯಿತು. ‘ಅಪ್ಪನಿಗೆ ಕಾಣುತ್ತಿಲ್ಲ’ ಎಂದಾಗ ನಿಂತೇಬಿಟ್ಟಿತು.

ತಾಯಿ ಗಂಡನ ಮುಖ ನೋಡಿದರು. ನಾನು ನೆಲ ನೋಡಿದೆ. ಅನಸೂಯಾ ಮಾತ್ರ ಕೊನೆಯ ಸಾಲಿನವರೆಗೂ ಓದಿ ಮುಗಿಸಿದಳು.

ಗೋವಿಂದಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು: “ಆ ಡಾಕ್ಟ್ರು ಯಾರು ಮೇಡಂ? ಅಂಥೋರು ನಿಜಕ್ಕೂ ಅದಾರಾ?”

ಅವರ ತಂದೆಯೂ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡಿದ್ದರಂತೆ. ಇದು ಮನೆತನಕ್ಕೆ ಬಂದದ್ದು, ಮದ್ದಿಲ್ಲ ಎಂದೇ ಇವರು ನಂಬಿದ್ದರು. ಮುಂದಿನ ವಾರ ರಾಂಪುರದ ಮೇಲೆ ಹೋಗುವ ಬಸ್ಸಿನಲ್ಲಿ ಅಪ್ಪ, ಮಗಳು, ನಾನು ಬಳ್ಳಾರಿಗೆ ಹೋದೆವು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, “ಪೊರೆ ಅಷ್ಟೇ. ಪೊರೆ ಬಲಿತರೆ ಕಡುನೀಲಿ, ಕಡುಹಸಿರು, ಕಪ್ಪು ಎಲ್ಲಾ ಒಂದೇ ಥರ ಕಾಣುತ್ತೆ. ತೆಗೆದು ಲೆನ್ಸ್ ಹಾಕೋಣ” ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಗೋವಿಂದಪ್ಪ ‘ಪೊರೆ ಅಷ್ಟೇ’ ಎಂಬುದನ್ನು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು, ಪರೀಕ್ಷೆಗಳು ಮುಗಿದ ಮೇಲೆ ಇನ್ನೊಂದಕ್ಕೆ. ಸಾಹುಕಾರರಿಗೆ ಗೋವಿಂದಪ್ಪನವರೇ ಹೋಗಿ ವಿಷಯ ತಿಳಿಸಿದರು. ಕಣ್ಣು ಮಾಯುವತನಕ ಮಗ್ಗದಲ್ಲಿ ಅನಸೂಯಾಳ ಚಿಕ್ಕಪ್ಪ ಕೂತ. ಬೇಸಿಗೆಯಲ್ಲಿ ನಾನು ಹೋದಾಗ ಕಪ್ಪು ಕನ್ನಡಕದ ಗೋವಿಂದಪ್ಪ ಹಳೆಯ ಸೀರೆಯ ಅಂಚೊಂದನ್ನು ಬೆಳಕಿಗೆ ಹಿಡಿದು, “ನೋಡ್ರಿ ಮೇಡಂ, ಎಷ್ಟು ಕೆಟ್ಟದಾಗಿ ನೇಯ್ದಿದೀನಿ!” ಎಂದು ಮನಸಾರೆ ನಕ್ಕರು.

ಅನಸೂಯಾ ವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಸೇರಿ ಎಲ್ಲದರಲ್ಲೂ ಪಾಸಾದಳು. ಟಿಸಿಎಚ್ ಮುಗಿಸಿ ದೊಡ್ಡಉಳ್ಳಾರ್ತಿ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಆದಳು. ಆ ಕಥೆಗೆ ನಾನು ಹತ್ತಕ್ಕೆ ಏಳು ಕೊಟ್ಟಿದ್ದೆ. ಮೂರು ಅಂಕ ಯಾಕೆ ಹೋದವೆಂದು ಆಗಲೇ ಬಂದು ಕೇಳಿದ್ದಳು. ಟೆನ್ಸ್ ತಪ್ಪು ಎಂದು ತೋರಿಸಿಕೊಟ್ಟೆ. ಸರಿ ಎಂದು ಒಪ್ಪಿಕೊಂಡು ಹೋದಳು.

ಆಮೇಲೆಯೂ ಬಹಳ ವರ್ಷ ಪಾಠ ಮಾಡಿದೆ, ಲೆಕ್ಕವಿಲ್ಲದಷ್ಟು ಪತ್ರಿಕೆ ತಿದ್ದಿದೆ. ತಪ್ಪಿಗೆ ಅಂಕ ಕಳೆಯುವುದನ್ನು ಬಿಡಲಿಲ್ಲ, ಅದು ನನ್ನ ಕೆಲಸ. ಆದರೆ ಕಳೆಯುವ ಮುನ್ನ, ಈ ಮಗು ಇಲ್ಲೇ ಯಾಕೆ ತಪ್ಪಿತು ಎಂದು ಒಂದು ಗಳಿಗೆ ಯೋಚಿಸುವುದನ್ನು ರೂಢಿ ಮಾಡಿಕೊಂಡೆ. ಎಷ್ಟೋ ಸಲ ಕಾರಣ ಬರೀ ಅಜಾಗರೂಕತೆ. ಕೆಲವು ಸಲ ಆ ತಪ್ಪಿನ ಹಿಂದೆ ಒಂದು ಮನೆಯೇ ಇರುತ್ತಿತ್ತು.